ಬಿಸಿಲು ಕಾಣದ ಸಂಡಿಗೆ

ಹೆಂಡತಿ ಹೋದ ಮೇಲೆ ಟೈಲರು ಮಗಳ ಕೈ ಅಡುಗೆಯನ್ನು ಒಂದು ತುತ್ತೂ ಉಂಡಿರಲಿಲ್ಲ. ಮಗಳ ಮೇಲೆ ಮುನಿಸೇನೂ ಇರಲಿಲ್ಲ. ಸತ್ತವಳಿಗೆ ಕೊಟ್ಟ ಮಾತು ಹಾಗಿತ್ತು.

ಪರಿಚಯದವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಟೈಲರು ಎಂದೇ. ಹರೆಯದಲ್ಲಿ ಹೆಂಡತಿಯನ್ನು ಕರೆದುಕೊಂಡು ಈ ಪರದೇಶಕ್ಕೆ ಬಂದು, ಆಸ್ಪತ್ರೆ ಹೋಟೆಲುಗಳಿಗೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕತ್ತರಿ ಹಿಡಿದು ನಿಂತವರು ಕಣ್ಣಿಗೆ ಪೊರೆ ಬರುವ ತನಕ ಅಲ್ಲೇ ನಿಂತರು. ಕಣ್ಣು ಮಂಜಾದರೂ ಬೆರಳು ಮಂಜಾಗಿರಲಿಲ್ಲ. ಬಟ್ಟೆಯ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಹೊಸಕಿದರೆ ಸಾಕು, ಇದು ಮಗ್ಗದ್ದೋ ಮಿಲ್ಲಿನದೋ, ಹೊಸತೋ ಒಗೆದು ಸವೆದದ್ದೋ ಎಂದು ಹೇಳಿಬಿಡುತ್ತಿದ್ದರು. "ಬೇರೆ ಗಂಡಸರು ಹೆಂಡತಿ ಮುಖ ನೋಡಿ ಮಾತಾಡ್ತಾರೆ, ನಮ್ಮನೆಯವರು ಸೆರಗು ಮುಟ್ಟಿ ಮಾತಾಡ್ತಾರೆ" ಎಂದು ಹೆಂಡತಿ ನಗುತ್ತಿದ್ದಳು.

ಆ ಹೆಂಡತಿಯ ಉತ್ತರಕ್ರಿಯೆ ನಡೆದದ್ದು ಊರಾಚೆಯ ಹೊಳೆಯ ದಂಡೆಯಲ್ಲಿ. ಪಿಂಡವನ್ನು ಸಿಮೆಂಟಿನ ಕಟ್ಟೆಯ ಮೇಲೆ ಇಟ್ಟು ಎಲ್ಲರೂ ಹಿಂದೆ ಸರಿದು ನಿಂತರು. ಎಲ್ಲರೂ ಎಂದರೆ ಟೈಲರು, ಅವರ ಮಗಳು, ಮಂತ್ರ ಹೇಳಿದ ಭಟ್ಟರು, ಇಷ್ಟೇ ಜನ. ದೀಪದ ಕಂಬದ ತುದಿಯಲ್ಲಿ ಒಂದು ಕಾಗೆ ಕೂತಿತ್ತು. ಕತ್ತು ಓರೆ ಮಾಡಿ ಅನ್ನವನ್ನು ನೋಡುತ್ತಿತ್ತೇ ಹೊರತು ಇಳಿಯುತ್ತಿರಲಿಲ್ಲ. ನಿಂತವರ ಕಾಲು ಸೋತಿತು. ಹೊಳೆಯ ಗಾಳಿಗೆ ಅನ್ನದ ಮೇಲಿನ ಎಳ್ಳು ಒಂದೊಂದಾಗಿ ಉರುಳಿ ಹೋಯಿತು.

"ಏನೋ ಮನಸ್ಸಿನಲ್ಲಿ ಇಟ್ಕೊಂಡು ಹೋಗಿದ್ದಾರೆ," ಎಂದರು ಭಟ್ಟರು. "ನಡೆಸಿಕೊಡ್ತೀವಿ ಅಂತ ಬಾಯಿಬಿಟ್ಟು ಹೇಳಿ. ಆಗ ಮುಟ್ಟುತ್ತೆ."

ಮಗಳು ಕೈಮುಗಿದಳು. "ಅಮ್ಮಾ, ಅಪ್ಪನ ಊಟ ತಿಂಡಿ ಎಲ್ಲ ನಾನು ನೋಡ್ಕೋತೀನಿ. ನೀನು ಚಿಂತೆ ಮಾಡ್ಬೇಡ."

ಕಾಗೆ ರೆಕ್ಕೆ ಬಿಚ್ಚಿತು. ಮತ್ತೆ ಮಡಚಿಕೊಂಡು ಕೂತಿತು.

ಟೈಲರು ಕಂಬದ ತುದಿಯ ಕಡೆ ತಲೆಯೆತ್ತಿದರು. ಏನು ಹೇಳಬೇಕೆಂದು ಅವರು ಯೋಚಿಸಿರಲಿಲ್ಲ. ಮಾತು ತಾನಾಗಿ ಹೊರಗೆ ಬಂತು. "ಇವಳೇ, ಅನ್ನ ನಾನೇ ಬೇಯಿಸ್ಕೋತೀನಿ. ನೆಂಚಿಕೊಳ್ಳೋಕೆ ನಿನ್ನ ಕೈಯದು ಸಾಕು. ಇನ್ಯಾರ ಕೈಯದೂ ನನ್ನ ಬಾಯಿಗೆ ಹೋಗಲ್ಲ. ನಾನಿರೋ ತನಕ."

ಮಾತು ಮುಗಿಯುವ ಮುಂಚೆಯೇ ಕಾಗೆ ಕಲ್ಲು ಬಿದ್ದ ಹಾಗೆ ಬಂದು ಬಿದ್ದು ಪಿಂಡಕ್ಕೆ ಕೊಕ್ಕು ಹಾಕಿತು.

ಭಟ್ಟರು ನಾರಾಯಣ ಎಂದರು. ಮಗಳು ಮನೆಗೆ ಬರುವ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ತನ್ನ ಮಾತನ್ನು ಅಮ್ಮ ಒಲ್ಲೆ ಅಂದಳು, ಅಪ್ಪನ ಮಾತನ್ನು ಎತ್ತಿಕೊಂಡಳು ಎಂಬುದು ಅವಳ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಮಗಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ಕಟ್ಟಿಕೊಂಡವನು ಬಿಟ್ಟುಹೋದ ಮೇಲೆ ತಂದೆತಾಯಿಯ ಜೊತೆಗೇ ಇದ್ದವಳು. ಬೆಳಗಾದರೆ ಹಾಸಿಗೆ ಬಟ್ಟೆಯ ಗುಡ್ಡಗಳ ನಡುವೆ ನಿಂತು, ಸಂಜೆ ಸೋಪಿನ ವಾಸನೆ ಹೊತ್ತುಕೊಂಡು ಬಂದು, ಆದರೂ ಒಲೆಯ ಮುಂದೆ ನಿಂತು ಎರಡು ತಟ್ಟೆ ಹಾಕುತ್ತಿದ್ದಳು. ಒಂದು ತಟ್ಟೆ ಹಾಗೆಯೇ ಉಳಿಯುತ್ತಿತ್ತು. ಟೈಲರು ತಮ್ಮ ಪುಟ್ಟ ಪಾತ್ರೆಯಲ್ಲಿ ಅನ್ನ ಬೇಯಿಸಿಕೊಂಡು, ಹೆಂಡತಿಯ ಜಾಡಿಯಿಂದ ಒಂದು ಹೋಳು ಉಪ್ಪಿನಕಾಯಿ ಹಾಕಿಕೊಂಡು ಮೂಲೆಯಲ್ಲಿ ಕೂರುತ್ತಿದ್ದರು.

"ನನ್ನ ಕೈಯೇನು ವಿಷಾನಾ ಅಪ್ಪ?"

"ಹಾಗಲ್ಲ ಪುಟ್ಟಿ."

"ಮತ್ತೆ ಕಾಫಿ ಕುಡೀತೀರಲ್ಲ? ಹಾಲು ಯಾರ ಕೈಯದು?"

"ಹಸುವಿಗೆ ಕೈ ಎಲ್ಲಿದೆ ಪುಟ್ಟಿ."

ಮಗಳಿಗೆ ನಗು ಬಂತು. ನಗು ಬಂದದ್ದಕ್ಕೇ ಇನ್ನಷ್ಟು ಸಿಟ್ಟು ಬಂದು ಸೌಟನ್ನು ಕುಕ್ಕಿ ಒಳಗೆ ಹೋದಳು.

ಜಾಡಿಗಳು ಬರಿದಾಗುತ್ತ ಬಂದವು. ಸಂಡಿಗೆಯ ಡಬ್ಬಿಯ ತಳದಲ್ಲಿ ಚೂರು ಉಳಿಯಿತು, ಆಮೇಲೆ ಪುಡಿ ಉಳಿಯಿತು. ಉಪ್ಪಿನಕಾಯಿ ಜಾಡಿಗೆ ಬಿಸಿ ಅನ್ನ ಹಾಕಿ ಒಳಗೋಡೆಯನ್ನೆಲ್ಲ ಒರಸಿ ಉಂಡರು. ಇನ್ನು ಉಪ್ಪು ಅನ್ನ ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡು, ಕೈಚೀಲ ಹಿಡಿದು ಅಂಗಡಿಗೆ ಹೊರಟರು.

ನಮ್ಮ ಕಡೆಯ ಸಾಮಾನು ಸಿಗುವ ಅಂಗಡಿ ಆ ಊರಿಗೆಲ್ಲ ಅದೊಂದೇ. ಬಸ್ಸಿಳಿದು, ಟೈರು ಮಾರುವವನ ಪಕ್ಕದ ಸಂದಿಯಲ್ಲಿ ನಡೆದರೆ ಬಾಗಿಲಲ್ಲೇ ಊರಿನ ವಾಸನೆ ಎದುರಾಗುತ್ತಿತ್ತು: ಇಂಗು, ಒಣಮೆಣಸಿನಕಾಯಿ, ಬಟ್ಟೆ ಸೋಪು, ಕರ್ಪೂರ, ಎಲ್ಲ ಒಂದಕ್ಕೊಂದು ಬೆರೆತು. ಅಂಗಡಿ ರೈಲುಡಬ್ಬಿಯ ಹಾಗೆ ಉದ್ದಕ್ಕೆ ಇತ್ತು, ಒಬ್ಬರು ಬಂದರೆ ಇನ್ನೊಬ್ಬರು ಒರಗಿ ನಿಲ್ಲಬೇಕು. ಹುಣಸೆಹಣ್ಣು ಇಟ್ಟಿಗೆಯ ಹಾಗೆ ಅಡಕಿಕೊಂಡಿರುತ್ತಿತ್ತು. ಬೆಲ್ಲದ ಅಚ್ಚುಗಳು ಪ್ಲಾಸ್ಟಿಕ್ಕಿನೊಳಗೆ ಬೆವರುತ್ತಿದ್ದವು. ಕರಿಬೇವನ್ನು ಔಷಧಿಯ ಹಾಗೆ ಫ್ರಿಜ್ಜಿನಲ್ಲಿಟ್ಟು, ಕೇಳಿದವರಿಗೆ ಮಾತ್ರ ತೆಗೆದುಕೊಡುತ್ತಿದ್ದರು. ಅಲ್ಲಿಗೆ ಬಂದವರು ಕೊಳ್ಳುವುದಕ್ಕಿಂತ ಹೆಚ್ಚು ಮೂಸಿನೋಡಿ ಹೋಗುತ್ತಿದ್ದರು. ಅಂಗಡಿಯವನನ್ನು ಎಲ್ಲರೂ ಸಾಹುಕಾರ ಎನ್ನುತ್ತಿದ್ದರು; ಅವನ ಬಾಯಿಗೆ ಬಿಡುವು ಎಂಬುದಿರಲಿಲ್ಲ.

"ಬನ್ನಿ ಬನ್ನಿ ಯಜಮಾನ್ರೇ. ಏನು ಹೀಗೆ ಸೊರಗಿ ಹೋಗಿದ್ದೀರಿ? ನಿಮ್ಮ ಕೋಟಿನೊಳಗೆ ಇನ್ನೊಬ್ಬರು ಬಂದು ಕೂತ್ರೂ ಜಾಗ ಮಿಗುತ್ತೆ."

"ಉಪ್ಪು ಕೊಡಪ್ಪ. ಅಕ್ಕಿ ನಾನೇ ತರ್ತೀನಿ."

"ಅಕ್ಕಿ ಹಿಂದುಗಡೆ ಇದೆ. ಹುಷಾರು, ಬೇಳೆ ಮೂಟೆ ಕಾಲಿಗೆ ಸಿಗುತ್ತೆ. ನಿನ್ನೆ ಒಬ್ಬಮ್ಮ ಅದಕ್ಕೆ ಎಡವಿ ನನಗೇ ಬೈದ್ರು."

ಟೈಲರು ಹಿಂದುಗಡೆಗೆ ಹೋದರು. ಅಲ್ಲಿ ಗೋಡೆಯ ತೀರ ಕೆಳಗಿನ ಹಲಗೆ ಅವರ ಹೆಂಡತಿಯದು. ಆಕೆ ಬೇಸಗೆಯಲ್ಲಿ ಮನೆಯ ಬಾಲ್ಕನಿಯಲ್ಲಿ ಸಂಡಿಗೆ ಇಟ್ಟು, ಮನೆಗೆ ಬೇಕಾದಷ್ಟು ಉಳಿಸಿಕೊಂಡು, ಮಿಕ್ಕದ್ದನ್ನು ಚೀಲಗಳಿಗೆ ತುಂಬಿ ಈ ಅಂಗಡಿಗೆ ಕೊಡುತ್ತಿದ್ದಳು. ಚೀಲದ ಬಾಯಿಗೆ ರಬ್ಬರು ಹಾಕುವವಳಲ್ಲ. ಗಂಡನ ನೂಲಿನಲ್ಲಿ ಹೊಲಿಗೆ ಹಾಕುವವಳು. ಆಕೆ ಹೋದ ಮೇಲೆ ಆ ಹಲಗೆಯ ಕಡೆ ನೋಡಬಾರದೆಂದೇ ಅವರು ಇಷ್ಟು ದಿನ ಅಂಗಡಿಗೆ ಕಾಲಿಟ್ಟಿರಲಿಲ್ಲ.

ಹಲಗೆ ಬರಿದಾಗಿರಲಿಲ್ಲ. ನೂಲಿನಿಂದ ಬಾಯಿ ಹೊಲಿದ ಚೀಲಗಳು ಸಾಲಾಗಿ ಕೂತಿದ್ದವು.

ಒಂದನ್ನು ಎತ್ತಿಕೊಂಡರು. ಪ್ಲಾಸ್ಟಿಕ್ಕಿನ ಮೇಲಿನಿಂದಲೇ ಬೆರಳು ಒಳಗಿನದನ್ನು ಗುರುತು ಹಿಡಿಯಿತು. ಅವರ ಹೆಂಡತಿ ಬೇಯಿಸಿದ ಹಿಟ್ಟನ್ನು ಚಿಟಿಕೆ ಚಿಟಿಕೆಯಾಗಿ ಬಟ್ಟೆಯ ಮೇಲಿಟ್ಟು, ಪ್ರತಿಯೊಂದರ ನೆತ್ತಿಯನ್ನೂ ತೋರುಬೆರಳಿನಿಂದ ಒಮ್ಮೆ ಒತ್ತುವಳು. ಆ ಬೆರಳಿನ ಉಗುರು ಎರಡಾಗಿ ಸೀಳಿತ್ತು. ಮದುವೆಯಾದ ಹೊಸತರಲ್ಲಿ ಗಂಡನ ಹೊಲಿಗೆ ಯಂತ್ರ ಕಲಿಯಲು ಹೋಗಿ ಸೂಜಿ ಬೆರಳಿಗೆ ಇಳಿದು ಆದ ಸೀಳು ಅದು. ಮತ್ತೆ ಕೂಡಿಕೊಳ್ಳಲೇ ಇಲ್ಲ. ಹಾಗಾಗಿ ಅವಳ ಸಂಡಿಗೆಯ ನೆತ್ತಿಯಲ್ಲಿ ಒಂದು ಗುಳಿ, ಗುಳಿಯ ನಡುವೆ ಸಣ್ಣ ಏರು. ಬೇರೆ ಯಾರು ಒತ್ತಿದರೂ ಹಾಗೆ ಬರುವಂತಿರಲಿಲ್ಲ.

ಟೈಲರು ಬೇಳೆಯ ಮೂಟೆಯ ಮೇಲೆ ಕೂತುಬಿಟ್ಟರು.

"ಇದು ಹಳೇದಾ ಸಾಹುಕಾರ?"

"ಎಲ್ಲಿ ಹಳೇದು? ಅಮ್ಮ ಹೋದಾಗ ಅಂಗಡಿಗೆ ಬಣ್ಣ ಹೊಡೆಸಿದೆ, ಎಲ್ಲ ಹಲಗೆ ಖಾಲಿ ಮಾಡಿಸಿದ್ದೆ. ಇದೆಲ್ಲ ಆಮೇಲೆ ಬಂದಿದ್ದು. ನಿಮ್ಮ ಮಗಳು ತಂದಿಡ್ತಿದ್ದಾಳೆ ಅಂತ ನಾನು ಅಂದ್ಕೊಂಡಿದೀನಿ. ಅಲ್ವಾ?"

"ನೀನು ನೋಡಿದ್ದೀಯ, ಅವಳು ತಂದದ್ದನ್ನ?"

"ನೋಡಿಲ್ಲ. ಬೆಳಿಗ್ಗೆ ಹಿಂಬಾಗಿಲು ತೆಗೆದ್ರೆ ಹೊಸ್ತಿಲ ಮೇಲೆ ಇರುತ್ತೆ. ಅಮ್ಮನೂ ಹಾಗೇ ಇಟ್ಟು ಹೋಗ್ತಿದ್ದದ್ದಲ್ವಾ, ನನ್ನ ಬಾಯಿಗೆ ಸಿಕ್ಕಿದ್ರೆ ಬಸ್ಸು ತಪ್ಪುತ್ತೆ ಅಂತ." ಸಾಹುಕಾರ ದನಿ ತಗ್ಗಿಸಿದ. "ಒಂದು ಮಾತು ಹೇಳ್ತೀನಿ, ಮಗಳಿಗೆ ಹೇಳಬೇಡಿ, ಬೇಜಾರು ಮಾಡ್ಕೋತಾಳೆ. ತಗೊಂಡು ಹೋದವರೆಲ್ಲ ವಾಪಸ್ ತಂದ್ರು. ಎಣ್ಣೆಗೆ ಹಾಕಿದ್ರೆ ಅರಳೋದೇ ಇಲ್ವಂತೆ. ಕಲ್ಲಿನ ಹಾಗೆ ತಳಕ್ಕೆ ಹೋಗಿ ಕೂರುತ್ತಂತೆ."

ಟೈಲರು ಎಲ್ಲ ಚೀಲಗಳನ್ನೂ ಕೊಂಡು ಮನೆಗೆ ಬಂದರು. ಎಣ್ಣೆ ಕಾಯಿಸಿ ಒಂದು ಹಾಕಿದರು. ಅದು ತಳಕ್ಕೆ ಹೋಗಿ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಯಾರೋ ಕೆಳಗಿನಿಂದ ಊದಿದ ಹಾಗೆ ಮೇಲೆದ್ದು, ಮಲ್ಲಿಗೆಯ ಹಾಗೆ ಬಿಳಿಯದಾಗಿ ಅರಳಿತು. ಬಾಯಿಗೆ ಹಾಕಿಕೊಂಡರು. ಓಮದ ಕಾಳು, ಹುಳಿ ಮಜ್ಜಿಗೆ, ಉಪ್ಪು ಒಂದು ಕಲ್ಲು ಮುಂದೆ. ಅವಳದೇ.

ಸಂಜೆ ಮಗಳನ್ನು ಕೇಳಿದರು.

"ನಾನಾ? ಸಂಡಿಗೇನಾ?" ಮಗಳು ಚಪ್ಪಲಿ ಬಿಡುತ್ತಲೇ ನಕ್ಕಳು. "ನಾನು ಕಾಸಿದ ಹಿಟ್ಟಲ್ಲಿ ಗೋಡೆಗೆ ಕಾಗದ ಅಂಟಿಸಬಹುದು ಅಂತ ಅಮ್ಮ ನನ್ನನ್ನ ಒಲೆ ಹತ್ರಾನೂ ಬಿಡ್ತಿರಲಿಲ್ಲ. ಯಾರೋ ಮಾಡಿರ್ತಾರೆ ಬಿಡಿ ಅಪ್ಪ. ಅಥವಾ ಸಾಹುಕಾರ ಹಳೇ ಮಾಲು ತಳ್ಳಿರ್ತಾನೆ."

"ಉಗುರಿನ ಗುರುತು ಇದೆ ಪುಟ್ಟಿ."

ಮಗಳು ಒಂದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ನಗು ನಿಂತುಹೋಯಿತು. ಅದನ್ನು ಮೇಜಿನ ಮೇಲೆ ಇಟ್ಟು ಕೈಯನ್ನು ಬಟ್ಟೆಗೆ ಒರಸಿಕೊಂಡಳು. "ನನಗೇನೂ ಕಾಣಲ್ಲ," ಎಂದಳು. ಆದರೆ ಆ ಸಂಡಿಗೆಯನ್ನು ಅವಳು ಮತ್ತೆ ಮುಟ್ಟಲಿಲ್ಲ.

ಟೈಲರಿಗೆ ಭಯವಾಗಲಿಲ್ಲ. ನಿಜ ಹೇಳಬೇಕೆಂದರೆ ಸಂತೋಷವೇ ಆಯಿತು. ದೇವರ ಮುಂದೆ ತುಪ್ಪದ ದೀಪ ಹಚ್ಚಿ ಬಹಳ ಹೊತ್ತು ಕೂತರು. ಬಾಳಿನುದ್ದಕ್ಕೂ ಅವರಿಗೆ ಬಡಿಸಿದ ಮೇಲೆಯೇ ತಾನು ಉಂಡವಳು. ಹೋದ ಮೇಲೂ ಗಂಡನನ್ನು ಉಪ್ಪು ಅನ್ನಕ್ಕೆ ಬಿಡಲಿಲ್ಲ. ಮಾತು ಕೊಟ್ಟವರು ತಾವು, ನಡೆಸುತ್ತಿರುವವಳು ಅವಳು. ಇದಕ್ಕಿಂತ ದೊಡ್ಡ ಅನುಗ್ರಹ ಬೇರೆ ಏನಿದ್ದೀತು? ಯಾರು, ಎಲ್ಲಿಂದ, ಹೇಗೆ ಎಂದು ಕೇಳುವ ಬಾಯನ್ನು ಅವರು ತಾವೇ ಮುಚ್ಚಿಕೊಂಡರು. ಡಬ್ಬಿ ಬರಿದಾಗುವ ಹೊತ್ತಿಗೆ ಅಂಗಡಿಗೆ ಹೋಗುವುದು, ಕೆಳಗಿನ ಹಲಗೆಗೆ ಬಗ್ಗುವುದು, ಹೊತ್ತುಕೊಂಡು ಬರುವುದು. ಒಮ್ಮೆ ಚೀಲಗಳ ಜೊತೆ ಉಪ್ಪಿನಕಾಯಿಯ ಜಾಡಿಯೂ ಇತ್ತು, ಬಾಯಿಗೆ ಬಟ್ಟೆ ಕಟ್ಟಿ, ಅವಳು ಕಟ್ಟುವ ಹಾಗೆಯೇ ಗಂಟು ಎಡಕ್ಕೆ. ಮಗಳು ಎರಡನೆಯ ತಟ್ಟೆ ಹಾಕುವುದನ್ನು ನಿಲ್ಲಿಸಿದಳು. ಅವರು ಅದನ್ನು ಗಮನಿಸಲೂ ಇಲ್ಲ.

ಚಳಿಗಾಲ ಬಂತು. ಆ ದೇಶದ ಚಳಿಗಾಲದಲ್ಲಿ ಸೂರ್ಯ ಮುಖ ತೋರಿಸುವುದೇ ಅಪರೂಪ. ಹೆಂಡತಿ ಇದ್ದಾಗ ಈ ಕಾಲದಲ್ಲಿ ಸಂಡಿಗೆಯ ಮಾತೇ ಎತ್ತುತ್ತಿರಲಿಲ್ಲ. ಬೇಸಗೆಯಲ್ಲೇ ಬಾಲ್ಕನಿಯ ಈ ಮೂಲೆಯಿಂದ ಆ ಮೂಲೆಗೆ ಬಿಸಿಲಿನ ಹಿಂದೆ ಬಟ್ಟೆ ಎಳೆದುಕೊಂಡು ಓಡಾಡುವಳು. "ಸಾಲಗಾರ ತಪ್ಪಿಸ್ಕೊಂಡ ಹಾಗೆ ತಪ್ಪಿಸ್ಕೊಳ್ಳುತ್ತೆ ನೋಡಿ ಈ ಬಿಸಿಲು" ಎನ್ನುವಳು. ಈಗ ಬಿಸಿಲಿಲ್ಲದ ಕಾಲದಲ್ಲೂ ಹಲಗೆಯ ಮೇಲೆ ಚೀಲಗಳು ಬರುತ್ತಲೇ ಇದ್ದವು.

ಆದರೆ ಅವು ಹಗುರವಾಗಿರಲಿಲ್ಲ. ಒಣಗಿದ ಸಂಡಿಗೆಯ ಚೀಲ ಅಲುಗಿಸಿದರೆ ಗಲಗಲ ಅನ್ನಬೇಕು. ಇವು ಮಣ್ಣಿನ ಹೆಂಟೆಯ ಹಾಗೆ ಒಂದಕ್ಕೊಂದು ಅಂಟಿಕೊಂಡು ಭಾರವಾಗಿದ್ದವು. ಹೊಲಿಗೆ ಬಿಚ್ಚಿದರೆ ವಾಸನೆ. ಹಳಸಿದ ವಾಸನೆಯಲ್ಲ, ಬಹಳ ಕಾಲದಿಂದ ಮುಚ್ಚಿಟ್ಟ ಬಾವಿಯ ಹಲಗೆ ಎತ್ತಿದ ಹಾಗೆ. ಟೈಲರು ಅವನ್ನು ತಟ್ಟೆಯಲ್ಲಿ ಹರಡಿ ಮನೆ ಬೆಚ್ಚಗಿಡುವ ಕೊಳವೆಯ ಮೇಲಿಟ್ಟರು. ಸಂಜೆಗೆ ಒಣಗಿದಂತೆ ಕಂಡವು. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಒದ್ದೆ. ತಟ್ಟೆಯ ತಳದಲ್ಲಿ ನೀರು ನಿಂತಿತ್ತು. ನೀರು ಕೊಳವೆಯದಲ್ಲ, ಕೊಳವೆ ಕೈ ಸುಡುವಷ್ಟು ಬಿಸಿಯಾಗಿತ್ತು. ಈ ನೀರು ಮುಟ್ಟಿದರೆ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು.

ಆ ದಿನ ಅನ್ನದ ಮುಂದೆ ಕೂತು ಅವರಿಗೆ ಮೊದಲ ಸಲ ಒಂದು ಪ್ರಶ್ನೆ ಹುಟ್ಟಿತು. ಇವಳು ಇದನ್ನು ಎಲ್ಲಿ ಒಣಗಿಸುತ್ತಿದ್ದಾಳೆ?

ಶಾಸ್ತ್ರದಲ್ಲಿ ಹೇಳಿದ ಪುಣ್ಯಲೋಕಗಳಿಗೆಲ್ಲ ಬೆಳಕಿದೆ. ಅವರು ನಂಬಿದ ದೇವರ ಊರಿನಲ್ಲಿ ಕತ್ತಲೆ ಎಂಬುದೇ ಇಲ್ಲ. ಹಾಗಾದರೆ ಬಿಸಿಲೇ ಬೀಳದ ಈ ಜಾಗ ಯಾವುದು? ಹೋಗಬೇಕಾದ ಕಡೆ ಅವಳು ಹೋಗಿದ್ದರೆ ಹಿಟ್ಟು ಕಾಸುತ್ತ ಯಾಕೆ ನಿಲ್ಲುತ್ತಿದ್ದಳು? ಕೈಯಲ್ಲಿದ್ದ ತುತ್ತನ್ನು ಅವರು ತಟ್ಟೆಗೆ ಇಳಿಸಿದರು. ಮತ್ತೆ, ಅನ್ನದ ಮುಂದೆ ಇಂಥ ಯೋಚನೆ ತಪ್ಪು ಎಂದುಕೊಂಡು, ಎತ್ತಿ ಉಂಡರು.

ಅದರ ಮುಂದಿನ ಸಲ ಅಂಗಡಿಗೆ ಹೋದಾಗ ಹಲಗೆಯ ಮೇಲೆ ಒಂದೇ ಚೀಲ ಇತ್ತು. ಬಾಯಿಯ ಹೊಲಿಗೆ ಅಂಕುಡೊಂಕು. ಅವರ ಹೆಂಡತಿ ಅಂಥ ಹೊಲಿಗೆ ಹಾಕಿದವಳೇ ಅಲ್ಲ. ಸಾಹುಕಾರ ಎಂದಿನಂತೆ ಮಾತಾಡಲಿಲ್ಲ.

"ಯಜಮಾನ್ರೇ, ನಿಮ್ಮ ಮಗಳಿಗೆ ಹೇಳಿ, ಇನ್ನು ಸಾಕು ಅಂತ. ಹಿಂಬಾಗಿಲ ಹೊಸ್ತಿಲು ದಿನಾ ಒದ್ದೆ ಇರುತ್ತೆ. ಒರಸಿದಷ್ಟೂ ಬರುತ್ತೆ. ನಿನ್ನೆ ಬೆಳಿಗ್ಗೆ ಬಾಗಿಲು ತೆಗೆಯೋ ಮುಂಚೆ ಆ ಕಡೆಯಿಂದ ಯಾರೋ ಏದುಸಿರು ಬಿಡೋದು ಕೇಳಿಸ್ತು. ಬಹಳ ಮೆಟ್ಟಿಲು ಹತ್ತಿ ಬಂದವರ ಹಾಗೆ. ಬನ್ನಿ ಒಳಗೆ ಅಂದೆ, ಬಾಗಿಲು ತೆಗೆದೆ. ಯಾರೂ ಇಲ್ಲ. ನನ್ನ ಅಂಗಡಿ ಹಿಂದೆ ಮೆಟ್ಟಿಲೇ ಇಲ್ಲ, ನಿಮಗೆ ಗೊತ್ತಲ್ಲ." ಅವನು ನಗಲು ನೋಡಿದ, ಆಗಲಿಲ್ಲ. "ದುಡ್ಡು ಬೇಡ. ತಗೊಂಡು ಹೋಗಿ."

ಟೈಲರು ಮನೆ ಸೇರುವ ತನಕ ಕಾಯಲಿಲ್ಲ. ಬಸ್ಸಿನ ತಂಗುದಾಣದ ಬೆಂಚಿನ ಮೇಲೆ ಕೂತು ಹೊಲಿಗೆ ಬಿಚ್ಚಿ ಒಂದನ್ನು ತೆಗೆದು ನೆತ್ತಿಯ ಮೇಲೆ ಬೆರಳಾಡಿಸಿದರು.

ಗುಳಿ ಇತ್ತು. ಉಗುರಿನ ಸೀಳು ಇರಲಿಲ್ಲ. ಗುಳಿಯ ತುಂಬ ಸಣ್ಣ ಸಣ್ಣ ಚೌಕಗಳು ಒತ್ತಿಕೊಂಡಿದ್ದವು. ಇನ್ನೊಂದು ತೆಗೆದರು, ಅದರಲ್ಲೂ ಹಾಗೆಯೇ. ಬಟ್ಟೆಯ ನೇಯ್ಗೆ. ಖಾರಕ್ಕೂ ಉಪ್ಪಿಗೂ ಬೆರಳಿನ ಚರ್ಮ ಒಡೆದಾಗ ಅವಳು ಹಳೆಯ ಬಟ್ಟೆಯ ಪಟ್ಟಿ ಹರಿದು ಸುತ್ತಿಕೊಂಡು ಕೆಲಸ ಮುಂದುವರಿಸುತ್ತಿದ್ದಳು; ಬಿಡು ಅಂದರೆ ಬಿಡುವವಳಲ್ಲ. ಬೆರಳು ಒಡೆದಿದೆ ಎಂದುಕೊಂಡರು. ಇದ್ದಾಗ ಒಡೆದ ಹಾಗೆ ಈಗಲೂ ಒಡೆದಿದೆ.

ಆಮೇಲೆ ಅವರ ಬೆರಳು, ಅವರನ್ನು ಕೇಳದೆಯೇ, ತನ್ನ ಕೆಲಸ ಮಾಡಿತು. ಕೈಮಗ್ಗದ ಹತ್ತಿ. ಉದ್ದದ ಎಳೆ ನಯ, ಅಡ್ಡದ ಎಳೆ ಒರಟು. ಅಂಚಿನ ಹತ್ತಿರ ಎಳೆಗಳು ಜೋಡಿ ಜೋಡಿ. ಗುಳಿಯ ಒಂದು ಬದಿಗೆ ಓರೆಯಾಗಿ ಬಿದ್ದ ಮೂರು ಹೊಲಿಗೆ. ಆ ಓರೆ ಹೊಲಿಗೆ ಈ ಭೂಮಿಯ ಮೇಲೆ ಒಬ್ಬರದೇ. ಕಾರ್ಖಾನೆಯಲ್ಲಿ ಎಲ್ಲರೂ ಬಲಕ್ಕೆ ವಾಲಿಸಿ ಹಾಕಿದರೆ ಎಡಗೈಯವರಾದ ಟೈಲರು ಎಡಕ್ಕೆ ವಾಲಿಸುವರು. ಹಸಿರು ಅಂಚಿನ ಹತ್ತಿ ಸೀರೆ. ಸೆರಗಿನ ಅಂಚು ಬಿಚ್ಚಿದೆ ಎಂದು ಅವಳು ಕಾಯಿಲೆ ಬೀಳುವ ಮುಂಚೆ ತಂದುಕೊಟ್ಟಿದ್ದಳು, ಕಣ್ಣು ಮಂಜಾಗಿದ್ದರೂ ಅವರೇ ಮಡಿಚಿ ಹೊಲಿದಿದ್ದರು. ಆ ಸೀರೆಯನ್ನು ಅವಳು ಆಮೇಲೆ ಉಟ್ಟದ್ದು ಒಂದೇ ಸಲ. ಉಡಿಸಿದವಳು ಮಗಳು. ಸೆರಗನ್ನು ಹೆಗಲ ಮೇಲೆ ಸರಿಮಾಡಿದವರು ಟೈಲರು. ಆಮೇಲೆ ಬೆಂಕಿ ಕೊಟ್ಟರು.

ಅವಳಿರುವ ಕಡೆ ಬೆರಳಿಗೆ ಸುತ್ತಿಕೊಳ್ಳಲು ಬೇರೆ ಬಟ್ಟೆ ಇಲ್ಲ.

ಬಸ್ಸು ಬಂತು, ನಿಂತಿತು, ಹೋಯಿತು. ಟೈಲರು ಎದ್ದೇಳಲಿಲ್ಲ. ಭಟ್ಟರಿಗೆ ಫೋನು ಮಾಡಿದರು.

ಭಟ್ಟರ ಹೊಟ್ಟೆಪಾಡು ಕಾರು ಕಲಿಸುವುದು. ಮಂತ್ರ ರಜೆಯ ದಿನಕ್ಕೆ. ಫೋನಿನೊಳಗೆ ಇಂಜಿನ್ನಿನ ಸದ್ದಿತ್ತು.

"ಹೇಳಿ ಟೈಲರೇ. ನಿಧಾನ ತಾಯಿ, ನಿಧಾನ, ಅದು ಬ್ರೇಕು. ಹೇಳಿ."

"ಸತ್ತವರಿಗೆ ಕೊಟ್ಟ ಮಾತು ಮುರೀಬಹುದಾ?"

"ಯಾವುದು, ಅವತ್ತು ಹೊಳೆ ಹತ್ರ ಅಂದಿದ್ದಾ? ಛೆ ಛೆ. ಪಿಂಡದ ಮುಂದೆ ಕೊಟ್ಟ ಮಾತು. ಎಡಕ್ಕೆ, ಎಡಕ್ಕೆ ತಗೋಮ್ಮ. ಮುರಿದ್ರೆ ದೊಡ್ಡ ಪಾಪ."

"ಪಾಪ ಯಾರಿಗೆ?"

"ಮುರಿದವರಿಗೆ. ಇನ್ಯಾರಿಗೆ?"

"ಅವಳಿಗೆ ತಟ್ಟಲ್ಲ?"

ಇಂಜಿನ್ನು ನಿಂತಿತು. ಭಟ್ಟರು ಕಾರಿನಿಂದ ಇಳಿದಿರಬೇಕು, ಬಾಗಿಲು ಹಾಕಿದ ಸದ್ದಾಯಿತು. "ಏನಾಯ್ತು ಟೈಲರೇ?"

"ನಾನು ಅವಳನ್ನ ಕಟ್ಟಿ ಹಾಕಿದ್ದೀನಿ. ನನ್ನ ಬಾಯಿಗೆ ಅವಳ ಕೈ ಬಿಟ್ಟು ಬೇರೆ ಇಲ್ಲ ಅಂದೆ. ಅವಳು ಕೈ ತೊಳೆದುಕೊಂಡು ಹೋಗೋ ಹಾಗಿಲ್ಲ."

"ಅವತ್ತು ಕಾಗೆ ಬಂದ ರೀತಿ ನನಗೂ ಸರಿ ಕಾಣಲಿಲ್ಲ," ಎಂದರು ಭಟ್ಟರು. "ಅಷ್ಟು ಬೇಗ ಬರಬಾರದಿತ್ತು. ಆದ್ರೆ ಒಂದು ಯೋಚನೆ ಮಾಡಿ. ಅವರಿಗೇ ಅದು ಬೇಕಾಗಿತ್ತೇನೋ. ಮಗಳ ಮಾತು ಒಲ್ಲೆ ಅಂದ್ರು, ನಿಮ್ಮದು ತಗೊಂಡ್ರು. ಈಗ ನೀವು ಮುರಿದ್ರೆ ಸಿಟ್ಟಾಗ್ತಾರೋ ಏನೋ, ನಾನು ಹೇಳೋಕೆ ಆಗಲ್ಲ."

ಟೈಲರು ಚೀಲವನ್ನು ತಂಗುದಾಣದ ಪಕ್ಕದ ಗಿಡದ ಬುಡದಲ್ಲಿಟ್ಟು, ಕೈಮುಗಿದು, ಮನೆಗೆ ನಡೆದೇ ಹೋದರು. ಮಾತು ತಪ್ಪಿದವನಿಗೆ ಮುಂದೆ ಏನು ಗತಿ ಎಂದು ಅವರು ಓದಿದ್ದರು, ನಂಬಿದ್ದರು. ಬಾಳಿನಲ್ಲಿ ಒಂದು ಅಳತೆಯ ಮಾತನ್ನೂ ತಪ್ಪಿದವರಲ್ಲ. ದಾರಿಯುದ್ದಕ್ಕೂ ಹಿಂದೆ ಯಾರೋ ಒದ್ದೆ ಕಾಲಿನಲ್ಲಿ ನಡೆದು ಬರುವ ಸದ್ದು. ತಾವು ನಿಂತರೆ ಅದೂ ನಿಲ್ಲುತ್ತಿತ್ತು. ಅವರು ತಿರುಗಿ ನೋಡಲಿಲ್ಲ. ನೋಡಿದರೆ ಮನಸ್ಸು ಸೋಲುತ್ತದೆ ಎಂದು ಗೊತ್ತಿತ್ತು.

ಮಗಳಿಗೆ ಅವತ್ತು ರಜೆ. ಕಿಟಕಿಯಲ್ಲಿ ಬೂದುಬಣ್ಣದ ಮಧ್ಯಾಹ್ನ. ಅವಳು ತನ್ನೊಬ್ಬಳಿಗೇ ತಟ್ಟೆ ಹಾಕಿಕೊಂಡು ಕೂತಿದ್ದಳು. ಅನ್ನ, ಬೇಳೆ ಸಾರು, ಹುರುಳಿಕಾಯಿ ಪಲ್ಯ.

ಟೈಲರು ಕೈಕಾಲು ತೊಳೆದು ಬಂದು ಅವಳ ಎದುರಿಗೆ ಕೂತರು. "ನನಗೂ ಹಾಕು ಪುಟ್ಟಿ."

"ಯಾಕೆ, ಸಾಹುಕಾರ ಅಂಗಡಿ ಮುಚ್ಚಿದ್ನಾ?"

"ತೆರೆದಿತ್ತು."

ಮಗಳು ತಲೆಯೆತ್ತಿ ನೋಡಿದಳು. ಕೊಂಕು ಮಾತು ನಾಲಿಗೆಯ ತುದಿಯಲ್ಲೇ ಉಳಿಯಿತು. "ಅಪ್ಪಾ, ನಿಮ್ಮ ಮಾತು?"

"ಮುರೀತೀನಿ."

"ಬೇಡ ಅಪ್ಪ. ನನ್ನ ಮೇಲೆ ಕನಿಕರ ಪಟ್ಟು ಉಣ್ಣೋದಾದ್ರೆ ಬೇಡ. ಅಮ್ಮನಿಗೇ ಬೇಡವಾಗಿತ್ತು."

"ನಿನಗೋಸ್ಕರ ಅಲ್ಲ. ಅವಳಿಗೋಸ್ಕರ. ಹಾಕು, ತಣ್ಣಗಾಗುತ್ತೆ."

ಮಗಳು ಎದ್ದು ತಟ್ಟೆ ತಂದಳು. ಬಡಿಸುವಾಗ ಸಾರು ಮೇಜಿನ ಮೇಲೆ ಚೆಲ್ಲಿತು. ಟೈಲರು ತಟ್ಟೆಯ ಸುತ್ತ ನೀರು ಕಟ್ಟಿದರು. ಕಣ್ಣು ಮುಚ್ಚಿದರು. "ಕೊಟ್ಟ ಮಾತು ನಾನು ಮುರೀತಿದ್ದೀನಿ, ಸ್ವಾಮಿ," ಎಂದರು ದೊಡ್ಡ ದನಿಯಲ್ಲಿ. "ಪಾಪ ನನ್ನದು. ಅವಳ ಲೆಕ್ಕಕ್ಕೆ ಬರೀಬೇಡ." ಆಮೇಲೆ ಸಣ್ಣ ದನಿಯಲ್ಲಿ, ಪಕ್ಕದಲ್ಲಿರುವವರಿಗೆ ಹೇಳುವ ಹಾಗೆ, "ಇವಳೇ, ಬೆಂಕಿ ಆರಿಸು. ಕೈ ತೊಳ್ಕೋ. ಸಾಕು" ಎಂದರು.

ಅನ್ನ ಕಲಸಿ ತುತ್ತು ಎತ್ತಿದರು. ಕೈ ಬಾಯಿಯವರೆಗೆ ಬರಲಿಲ್ಲ.

ಮಣಿಕಟ್ಟನ್ನು ಯಾರೋ ಹಿಡಿದಿದ್ದರು. ಬಿಗಿಯಾಗಿ ಅಲ್ಲ, ಬಿಸಿಯಿದೆ, ಆರಲಿ ಎಂದು ತಡೆಯುವ ಹಾಗೆ. ಆದರೆ ತಣ್ಣನೆಯ ಹಿಡಿತ, ನೀರಿನಲ್ಲಿ ಬಹಳ ಹೊತ್ತು ಇದ್ದ ಕೈಯ ಹಾಗೆ. ಬಾವಿಯ ವಾಸನೆ ಊಟದ ಮನೆಯನ್ನೆಲ್ಲ ತುಂಬಿತು. ಸಾರಿನ ಹಬೆ ಒಮ್ಮೆಲೇ ನಿಂತುಹೋಯಿತು. ಮಗಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಗೋಡೆಗೆ ಒರಗಿ ನಿಂತು, ಅಪ್ಪನ ಕೈಯನ್ನೇ ನೋಡುತ್ತಿದ್ದಳು. ಅವಳಿಗೆ ಏನು ಕಂಡಿತೋ, ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದಳು.

ತಡೆಯುತ್ತಿದ್ದಾಳೆಯೋ, ಬೇಡಿಕೊಳ್ಳುತ್ತಿದ್ದಾಳೆಯೋ, ಟೈಲರಿಗೆ ತಿಳಿಯಲಿಲ್ಲ. ತಿಳಿಯಲು ಕಾಯಲೂ ಇಲ್ಲ. ಕೈ ಬರದಿದ್ದರೆ ಏನು, ತಲೆ ಬರುತ್ತದೆ. ಬಗ್ಗಿ, ತಮ್ಮ ಬಾಯಿಯನ್ನೇ ತುತ್ತಿನ ಹತ್ತಿರಕ್ಕೆ ಒಯ್ದು ಉಂಡರು. ಅಗಿದರು. ನುಂಗಿದರು.

ಹಿಡಿತ ಒಮ್ಮೆ ಬಿಗಿಯಾಯಿತು, ಮೂಳೆಗೆ ನೋವಾಗುವಷ್ಟು. ಅವರ ಕಣ್ಣಿನಿಂದ ನೀರು ಸುರಿಯಿತು. "ಹೋಗು," ಎಂದರು. ಹೋಗಿ ಬಾ ಎನ್ನಲಿಲ್ಲ. ಬಾಳಿನಲ್ಲಿ ಮೊದಲ ಸಲ ಆ ಮನೆಯಲ್ಲಿ ಒಬ್ಬರಿಗೆ ಒಬ್ಬರು ಬರೀ ಹೋಗು ಎಂದಿದ್ದರು.

ಒಂದು ಬೆರಳು ಸಡಿಲವಾಯಿತು. ಇನ್ನೊಂದು ಸಡಿಲವಾಯಿತು. ಬೆನ್ನ ಹಿಂದೆ, ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತವರು ಎದ್ದಾಗ ಮೊಣಕಾಲು ಲಟಕ್ ಎನ್ನುವ ಸದ್ದು ಕೇಳಿಸಿತು. ಒಂದು ಉದ್ದನೆಯ ಉಸಿರು. ಅದು ದುಃಖದ್ದೋ, ದಣಿವಾರಿದ್ದೋ. ಆಮೇಲೆ ಏನೂ ಇಲ್ಲ. ತಟ್ಟೆಯಲ್ಲಿ ಸಾರಿನ ಹಬೆ ಮತ್ತೆ ಏಳತೊಡಗಿತು.

ಮಗಳು ಮೆಲ್ಲನೆ ಬಂದು ಕೂತಳು. ಮೇಜಿನ ಮೇಲೆ ಚೆಲ್ಲಿದ್ದ ಸಾರನ್ನು ಒರಸಿದಳು.

"ಉಪ್ಪು ಜಾಸ್ತಿ ಆಯ್ತಾ ಅಪ್ಪ?"

"ಜಾಸ್ತಿ ಆಗಿದೆ," ಎಂದರು ಟೈಲರು. "ಇನ್ನೊಂದು ಸೌಟು ಹಾಕು."

ಅವರಿಗೆ ಹಸಿವಾಗಿತ್ತು. ಅಷ್ಟು ಹಸಿವು ತಮ್ಮೊಳಗೆ ಇಷ್ಟು ದಿನ ಎಲ್ಲಿ ಅಡಗಿತ್ತೋ ಅವರಿಗೇ ಗೊತ್ತಾಗಲಿಲ್ಲ. ಒದ್ದೆಯಾದ ಮಣಿಕಟ್ಟನ್ನು ಒರಸಿಕೊಳ್ಳದೆ, ತಲೆ ತಗ್ಗಿಸಿ, ಮಗಳು ಬಡಿಸಿದ್ದನ್ನೆಲ್ಲ ಅಳುತ್ತಲೇ ಉಂಡರು.